ಗೇಮ್ ಮೇಲಿನ ವಯಸ್ಸಿನ ಗುರುತನ್ನು ದೇಶವರಿತು ಓದುವ ಕ್ರಮ

ವಿಡಿಯೊ ಗೇಮ್ ಡಬ್ಬಿಯ ಮೂಲೆಯಲ್ಲಿ, ಅಥವಾ ಆ್ಯಪ್ ಸ್ಟೋರ್‌ನಲ್ಲಿ ಗೇಮಿನ ಹೆಸರಿನ ಕೆಳಗೆ ಕಾಣುವ 12, 16, 18 ಎಂಬ ಅಂಕಿಗಳು ಎಲ್ಲ ದೇಶಗಳಲ್ಲಿಯೂ ಒಂದೇ ಮಾತನ್ನು ಹೇಳುತ್ತಿರುವಂತೆ ತೋರುತ್ತವೆ. ವಾಸ್ತವ ಹಾಗಿಲ್ಲ. 18 ಎಂದು ನಮೂದಾದ ಗೇಮನ್ನು 14 ವರ್ಷದ ಹುಡುಗನಿಗೆ ಮಾರಿದರೆ ಬರ್ಲಿನ್ನಿನ ಅಂಗಡಿಕಾರ ದಂಡ ತೆರಬೇಕಾಗುತ್ತದೆ. ಅಂಥದೇ ಗೇಮನ್ನು ಆಕ್ಲೆಂಡಿನಲ್ಲಿ ಮನೆಗೆ ತಂದು ಮಗನ ಕೈಗಿಟ್ಟರೆ ತಂದೆಯೇ ಅಪರಾಧಿಯಾಗಬಹುದು. ಷಿಕಾಗೊದಲ್ಲಿ ಸರ್ಕಾರ ಇಬ್ಬರನ್ನೂ ಕೇಳುವುದಿಲ್ಲ. ಮೈಸೂರಿನಲ್ಲಂತೂ ಆ ಅಂಕಿಯನ್ನು ಪಾಲಿಸಲೇಬೇಕೆಂದು ಹೇಳುವ ಕಾನೂನೇ ಇಲ್ಲ. ಉದ್ಯೋಗದ ನಿಮಿತ್ತ ದೇಶ ಬದಲಿಸುವ ಕನ್ನಡ ಕುಟುಂಬಗಳೂ, ಹೊರದೇಶದ ಬಂಧುಗಳು ತಂದುಕೊಡುವ ಗೇಮ್‌ಗಳನ್ನು ಮಕ್ಕಳಿಗೆ ಕೊಡಬೇಕೋ ಬೇಡವೋ ಎಂದು ಯೋಚಿಸುವ ಇಲ್ಲಿನ ತಂದೆತಾಯಿಯರೂ ಈ ಗುರುತುಗಳನ್ನು ಓದುವ ಕ್ರಮವನ್ನು ತಿಳಿದಿರಬೇಕು ಎಂಬ ಉದ್ದೇಶದಿಂದ ಈ ಕೈಪಿಡಿಯನ್ನು ಬರೆಯಲಾಗಿದೆ.

ಮೊದಲು ಗುರುತು ಯಾರದೆಂದು ಪತ್ತೆ ಮಾಡಿ

ಗುರುತಿನ ಆಕಾರವನ್ನು ನೋಡಿದರೆ ಸಾಕು, ಅದು ಯಾವ ವ್ಯವಸ್ಥೆಗೆ ಸೇರಿದ್ದೆಂದು ತಿಳಿಯುತ್ತದೆ. ಕಪ್ಪು ಬಿಳುಪಿನ ಚೌಕಟ್ಟಿನೊಳಗೆ ಇ, ಟಿ, ಎಂ ಎಂಬ ಇಂಗ್ಲಿಷ್ ಅಕ್ಷರವಿದ್ದರೆ ಅದು ಅಮೆರಿಕದ ಇಎಸ್‌ಆರ್‌ಬಿಯದು; ಅದರಲ್ಲಿ ಎಂ ಎಂದರೆ 17 ವರ್ಷ ತುಂಬಿದವರಿಗೆ ಎಂದರ್ಥ. ಹಸಿರು, ಕಿತ್ತಳೆ ಅಥವಾ ಕೆಂಪು ಬಣ್ಣದ ಚೌಕದಲ್ಲಿ 3, 7, 12, 16, 18 ಎಂಬ ಅಂಕಿಗಳಿದ್ದರೆ ಅದು ಯೂರೋಪಿನ ಬಹುಪಾಲು ದೇಶಗಳಲ್ಲಿ ಚಾಲ್ತಿಯಲ್ಲಿರುವ ಪೆಗಿ. ಮೂಲೆ ಮೇಲಾಗಿ ನಿಂತ ವಜ್ರಾಕೃತಿಯಲ್ಲಿ 0, 6, 12, 16 ಅಥವಾ 18 ಇದ್ದರೆ ಜರ್ಮನಿಯ ಯುಎಸ್‌ಕೆ. ಎ, ಬಿ, ಸಿ, ಡಿ, ಝಡ್ ಎಂಬ ಅಕ್ಷರಗಳು ಜಪಾನಿನ ಸೆರೊ ಸಂಸ್ಥೆಯವು. ಪಿಜಿ, ಎಂ, ಎಂಎ 15+, ಆರ್ 18+ ಎಂದಿದ್ದರೆ ಡಬ್ಬಿ ಆಸ್ಟ್ರೇಲಿಯಾದ ಮಾರುಕಟ್ಟೆಯದು. ಇಲ್ಲೊಂದು ಎಚ್ಚರಿಕೆ ಬೇಕು: ಅಮೆರಿಕದ ಎಂ ಗುರುತು 17 ವರ್ಷದವರಿಗಾದರೆ, ಆಸ್ಟ್ರೇಲಿಯಾದ ಎಂ ಕೇವಲ ಸಲಹೆಯ ರೂಪದ್ದಾಗಿದ್ದು ಯಾವ ವಯಸ್ಸಿನವರೂ ಅದನ್ನು ಕೊಳ್ಳಬಹುದು. ಒಂದೇ ಅಕ್ಷರವನ್ನು ನೋಡಿ ಎರಡೂ ಒಂದೇ ಎಂದು ತಿಳಿದ ಕುಟುಂಬ ಸಿಡ್ನಿಯಲ್ಲಿ ಅನವಶ್ಯಕವಾಗಿ ಗಾಬರಿಯಾಗುತ್ತದೆ, ಇಲ್ಲವೇ ಸಿಯಾಟಲ್‌ನಲ್ಲಿ ಅನವಶ್ಯಕವಾಗಿ ನಿಶ್ಚಿಂತವಾಗಿರುತ್ತದೆ.

ಗುರುತು ಯಾರದೆಂದು ತಿಳಿದ ಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಮೀರಿದರೆ ಶಿಕ್ಷೆ ಯಾರಿಗೆ? ಉತ್ತರ ಅಂಗಡಿಕಾರನಿಗೆ, ಪ್ರಕಾಶಕನಿಗೆ, ಪೋಷಕನಿಗೆ ಅಥವಾ ಯಾರಿಗೂ ಇಲ್ಲ ಎಂದಿರಬಹುದು. ಗೇಮ್‌ನಲ್ಲಿ ರಕ್ತವೆಷ್ಟಿದೆ ಎಂಬುದಕ್ಕಿಂತಲೂ ಈ ಉತ್ತರ ಆಯಾ ಸಮಾಜದ ಮನೋಭಾವವನ್ನು ಹೆಚ್ಚು ಸ್ಪಷ್ಟವಾಗಿ ತೋರಿಸುತ್ತದೆ.

ಜರ್ಮನಿಯಲ್ಲಿ: ಅಂಗಡಿಯವರು ಇಲ್ಲವೆಂದರೆ ವಾದಿಸಬೇಡಿ

ಯುಎಸ್‌ಕೆ 1994ರಲ್ಲಿ ಆರಂಭವಾದಾಗ ಅದರ ಗುರುತುಗಳು ಬರಿಯ ಸಲಹೆಗಳಾಗಿದ್ದವು. 2002ರ ಏಪ್ರಿಲ್‌ನಲ್ಲಿ ಎರ್ಫುರ್ಟ್ ನಗರದ ಶಾಲೆಯೊಂದರಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಗುಂಡು ಹಾರಿಸಿ ಹಲವರನ್ನು ಕೊಂದ ಮೇಲೆ ಅಲ್ಲಿನ ಸಾರ್ವಜನಿಕ ಚರ್ಚೆ ಗೇಮ್‌ಗಳತ್ತ ತಿರುಗಿತು. ಆಗ ಸಿದ್ಧವಾಗುತ್ತಿದ್ದ ಯುವಜನ ಸಂರಕ್ಷಣಾ ಕಾಯ್ದೆ 2003ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಾಗ ಅದೇ ಗುರುತುಗಳಿಗೆ ಕಾನೂನಿನ ಬಲ ದೊರೆಯಿತು. ಪರಿಶೀಲನೆಯ ಸಮಿತಿಯಲ್ಲಿ ರಾಜ್ಯ ಸರ್ಕಾರಗಳ ಪ್ರತಿನಿಧಿ ಕುಳಿತಿರುತ್ತಾರೆ. ಆದ್ದರಿಂದ ಗುರುತನ್ನು ಕೊಡುವುದು ಉದ್ಯಮದ ಕಚೇರಿಯಲ್ಲಾದರೂ ಮುದ್ರೆ ಸರ್ಕಾರದ್ದು. ಕಾಯ್ದೆಯನ್ನು ಮೀರಿ ಮಾರಿದವರಿಗೆ 50,000 ಯೂರೊವರೆಗೆ ದಂಡ ವಿಧಿಸಲು ಅವಕಾಶವಿದೆ. ಡಬ್ಬಿಯ ಮುಂಭಾಗದ ಎಡಗಡೆ ಕೆಳಮೂಲೆಯಲ್ಲಿ ಇರಲೇಬೇಕಾದ ಗುರುತು ಕನಿಷ್ಠ 1,200 ಚದರ ಮಿಲಿಮೀಟರ್ ಇರಬೇಕೆಂದು 2008ರಲ್ಲಿ ನಿಯಮ ಬಂತು. ಗೇಮಿನ ಚಿತ್ರಕ್ಕೆ ಅಡ್ಡ ಬರುತ್ತದೆ ಎಂದು ಸಂಗ್ರಹಕಾರರು ಇಂದಿಗೂ ಗೊಣಗುವಷ್ಟು ದೊಡ್ಡದಾಗಿ ಅದು ಕಾಣುತ್ತದೆ. ಕೆಲವು ಪ್ರಕಾಶಕರು ಒಳಹಾಳೆಯನ್ನು ತಿರುಗಿಸಿ ಹಾಕಿದರೆ ಗುರುತಿಲ್ಲದ ಚಿತ್ರ ಕಾಣುವಂತೆ ಎರಡೂ ಬದಿ ಮುದ್ರಿಸಿಕೊಡುವುದುಂಟು.

ಜರ್ಮನಿಗೆ ಹೊಸದಾಗಿ ಹೋದವರು ಹೀಗೆ ನಡೆದುಕೊಳ್ಳಬೇಕು. ಮಗ ಅಥವಾ ಮಗಳನ್ನು ಒಬ್ಬರನ್ನೇ ಅಂಗಡಿಗೆ ಕಳುಹಿಸಿದರೆ ಗುರುತಿನ ಚೀಟಿ ಕೇಳಲಾಗುತ್ತದೆ ಎಂದು ಮೊದಲೇ ತಿಳಿಸಿರಿ. ಕೆಂಪು ವಜ್ರದ 18ರ ಗೇಮನ್ನು ಅಂಚೆಯಲ್ಲಿ ತರಿಸಿದರೆ ಬಾಗಿಲಿಗೆ ಬಂದವರು ವಯಸ್ಸಿನ ದಾಖಲೆ ನೋಡಿಯೇ ಪೊಟ್ಟಣ ಕೊಡುತ್ತಾರೆ. ಅಪ್ಪ ಆಫೀಸಿನಲ್ಲಿದ್ದಾರೆ, ನಾನೇ ಸಹಿ ಹಾಕುತ್ತೇನೆ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಇಷ್ಟೆಲ್ಲ ಬಿಗಿಯಿದ್ದರೂ ಕಾಯ್ದೆಯ ಗುರಿ ಅಂಗಡಿಯೇ ಹೊರತು ಮನೆಯಲ್ಲ. ಪ್ರಾಪ್ತವಯಸ್ಕರಾದ ತಂದೆತಾಯಿಯರು ತಾವು ಕೊಂಡ 16ರ ಗೇಮನ್ನು 15 ವರ್ಷದ ಮಗಳಿಗೆ ಮನೆಯಲ್ಲಿ ಆಡಲು ಕೊಡುವುದು ಅವರ ವಿವೇಚನೆಗೆ ಬಿಟ್ಟದ್ದು. ಮಗಳ ಗೆಳತಿಗೂ ಅದನ್ನು ಕೊಡುವ ಮುನ್ನ ಆಕೆಯ ಮನೆಯವರನ್ನು ಕೇಳುವುದು ಮಾತ್ರ ಅಲ್ಲಿನ ನಡಾವಳಿ, ನಮ್ಮ ಊರಿನದೂ ಹೌದು.

ಗುರುತೇ ಇಲ್ಲದ ಗೇಮ್‌ಗಳ ಸ್ಥಿತಿಯನ್ನೂ ತಿಳಿದಿರಬೇಕು. ಯುವಜನರಿಗೆ ಅಪಾಯಕಾರಿ ಎಂದು ಅಲ್ಲಿನ ಕೇಂದ್ರ ಸರ್ಕಾರದ ಪಟ್ಟಿಗೆ ಸೇರಿದ ಗೇಮ್ ನಿಷೇಧಿತವೆಂದಲ್ಲ. ಆದರೆ ಅದನ್ನು ಕಪಾಟಿನಲ್ಲಿ ಪ್ರದರ್ಶಿಸುವಂತಿಲ್ಲ, ಜಾಹೀರಾತು ಕೊಡುವಂತಿಲ್ಲ, ಕೇಳಿದ ವಯಸ್ಕರಿಗೆ ಮಾತ್ರ ಒಳಗಿನಿಂದ ತಂದುಕೊಡಬಹುದು. ಈ ಪಟ್ಟಿಯ ಭಯದಿಂದಲೇ ಹಿಂದೆ ಜರ್ಮನ್ ಆವೃತ್ತಿಗಳಲ್ಲಿ ಸೈನಿಕರ ಬದಲು ಯಂತ್ರಮಾನವರನ್ನು ಇಡಲಾಗುತ್ತಿತ್ತು. ಹಾಫ್ ಲೈಫ್ ಇದಕ್ಕೆ ಪ್ರಸಿದ್ಧ ಉದಾಹರಣೆ. ನಾಜಿ ಚಿಹ್ನೆಗಳ ವಿಷಯವಂತೂ ಬೇರೆಯೇ ದಂಡಸಂಹಿತೆಯ ಪ್ರಶ್ನೆ: 2018ರ ಆಗಸ್ಟ್‌ನವರೆಗೆ ಅಂಥ ಚಿಹ್ನೆಯಿದ್ದ ಗೇಮನ್ನು ಯುಎಸ್‌ಕೆ ಪರಿಶೀಲನೆಗೇ ತೆಗೆದುಕೊಳ್ಳುತ್ತಿರಲಿಲ್ಲ, ಈಗ ಕಲಾತ್ಮಕ ಸಮರ್ಥನೆ ಇದೆಯೇ ಎಂದು ಒಂದೊಂದನ್ನೂ ಪ್ರತ್ಯೇಕವಾಗಿ ನೋಡುತ್ತದೆ. 2024ರ ನವೆಂಬರ್‌ನಿಂದ ಕಂಪ್ಯೂಟರ್ ಗೇಮ್‌ಗಳ ಆನ್‌ಲೈನ್ ಮಳಿಗೆಯಾದ ಸ್ಟೀಮ್ ವಯಸ್ಸಿನ ಗುರುತಿಲ್ಲದ ಗೇಮ್‌ಗಳನ್ನು ಜರ್ಮನಿಯ ಗ್ರಾಹಕರಿಗೆ ತೋರಿಸುವುದನ್ನೇ ನಿಲ್ಲಿಸಿದೆ. ಭಾರತದಿಂದ ಹೋದವರಿಗೆ ಹಿಂದೆ ಕಾಣುತ್ತಿದ್ದ ಗೇಮ್ ಅಲ್ಲಿ ಹುಡುಕಿದರೂ ಸಿಗದಿದ್ದರೆ ಖಾತೆ ಕೆಟ್ಟಿದೆಯೆಂದು ತಿಳಿಯಬೇಕಿಲ್ಲ.

ಅಮೆರಿಕದಲ್ಲಿ: ಕಾನೂನಿಲ್ಲ ಎಂದರೆ ತಡೆಯಿಲ್ಲ ಎಂದಲ್ಲ

ಅಮೆರಿಕದ ಮನೋಭಾವ ಇದಕ್ಕೆ ತೀರ ವಿರುದ್ಧವಾದುದು. 1993ರಲ್ಲಿ ಸೆನೆಟರ್‌ಗಳಾದ ಜೋ ಲೀಬರ್‌ಮನ್ ಮತ್ತು ಹರ್ಬ್ ಕೋಲ್ ನಡೆಸಿದ ವಿಚಾರಣೆಯಲ್ಲಿ ಮಾರ್ಟಲ್ ಕಾಂಬ್ಯಾಟ್ ಮುಂತಾದ ಗೇಮ್‌ಗಳು ಚರ್ಚೆಗೆ ಬಂದಾಗ, ಸರ್ಕಾರ ಕಾನೂನು ಮಾಡುವ ಮೊದಲೇ ಉದ್ಯಮ 1994ರಲ್ಲಿ ಇಎಸ್‌ಆರ್‌ಬಿಯನ್ನು ಸ್ಥಾಪಿಸಿಕೊಂಡಿತು. ಆದರೂ ಹಲವು ರಾಜ್ಯಗಳು ಕಾನೂನು ತರಲು ಯತ್ನಿಸಿದವು. ಅವುಗಳಲ್ಲಿ ಕ್ಯಾಲಿಫೋರ್ನಿಯಾದ 2005ರ ಕಾಯ್ದೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ರಾಜ್ಯದ ಶಾಸಕ ಲೆಲ್ಯಾಂಡ್ ಯೀ ರೂಪಿಸಿ, ಗವರ್ನರ್ ಆರ್ನಾಲ್ಡ್ ಶ್ವಾರ್ಝೆನೆಗರ್ ಸಹಿ ಹಾಕಿದ ಆ ಕಾಯ್ದೆ, ಹಿಂಸೆ ತುಂಬಿದ ಗೇಮನ್ನು ಅಪ್ರಾಪ್ತರಿಗೆ ಮಾರಿದವರಿಗೆ 1,000 ಡಾಲರ್‌ವರೆಗೆ ದಂಡ ವಿಧಿಸುತ್ತಿತ್ತು. ತಂದೆತಾಯಿ, ಅಜ್ಜ ಅಜ್ಜಿ, ಚಿಕ್ಕಪ್ಪ, ಸೋದರತ್ತೆ ಮೊದಲಾದವರು ಕೊಡಿಸಿದರೆ ಅಡ್ಡಿಯಿರಲಿಲ್ಲ. 2011ರ ಜೂನ್ 27ರಂದು ನ್ಯಾಯಾಲಯ 7-2ರ ಬಹುಮತದಿಂದ ಅದನ್ನು ರದ್ದು ಮಾಡಿತು. ತೀರ್ಪು ಬರೆದ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ಅವರ ವಾದದ ಸಾರವಿಷ್ಟು: ಗೇಮ್ ಕೂಡ ಪುಸ್ತಕದಂತೆ ಅಭಿವ್ಯಕ್ತಿಯೇ, ಮಕ್ಕಳಿಗೆ ಹೇಳುವ ಗ್ರಿಮ್ ಸಹೋದರರ ಕಥೆಗಳಲ್ಲಿಯೂ ಕ್ರೌರ್ಯ ಧಾರಾಳವಾಗಿದೆ, ಹಿಂಸೆಯ ಚಿತ್ರಣವನ್ನು ಅಶ್ಲೀಲತೆಯಂತೆ ಸಂವಿಧಾನದ ರಕ್ಷಣೆಯಿಂದ ಹೊರಗಿಡುವ ಸಂಪ್ರದಾಯ ಆ ದೇಶದಲ್ಲಿಲ್ಲ, ತಂದೆತಾಯಿಯರ ಅಧಿಕಾರಕ್ಕೆ ಒತ್ತಾಸೆ ಎಂದು ಹೇಳಿಕೊಳ್ಳುವ ಕಾಯ್ದೆ ಯಾರೋ ಒಬ್ಬ ಚಿಕ್ಕಮ್ಮ ಒಪ್ಪಿದರೆ ಸಾಕು ಎನ್ನುತ್ತದೆ. ಭಿನ್ನಮತ ಬರೆದ ನ್ಯಾಯಮೂರ್ತಿ ಸ್ಟೀಫನ್ ಬ್ರೇಯರ್, 13 ವರ್ಷದ ಹುಡುಗನಿಗೆ ನಗ್ನಚಿತ್ರದ ಪತ್ರಿಕೆ ಮಾರುವುದನ್ನು ತಡೆಯಬಹುದಾದರೆ ಚಿತ್ರಹಿಂಸೆಯ ಗೇಮನ್ನು ಏಕೆ ತಡೆಯಬಾರದು ಎಂದು ಕೇಳಿದರು. ಭಾರತೀಯ ಓದುಗರಿಗೆ ಬ್ರೇಯರ್ ಅವರ ಪ್ರಶ್ನೆಯೇ ಹೆಚ್ಚು ಸಹಜವೆನಿಸಬಹುದು. ಅಮೆರಿಕದ ಕಾನೂನು ಮಾತ್ರ ಸ್ಕಾಲಿಯಾ ಹೇಳಿದಂತೆ ನಡೆಯುತ್ತದೆ.

ಆದರೆ ಅಲ್ಲಿ ನೆಲೆಸಿದ ಕುಟುಂಬಗಳು ಇದರಿಂದ ಯಾವ ಅಂಗಡಿಯಲ್ಲಿಯೂ ಯಾವ ಗೇಮಾದರೂ ಸಿಗುತ್ತದೆಂದು ಭಾವಿಸಬಾರದು. ದೊಡ್ಡ ಮಳಿಗೆಗಳು ತಾವೇ ನಿಯಮ ಹಾಕಿಕೊಂಡಿವೆ: ಎಂ ಗುರುತಿನ ಗೇಮನ್ನು ಬಿಲ್ಲಿಂಗ್ ಯಂತ್ರದಲ್ಲಿ ಓದಿಸಿದೊಡನೆ ಗ್ರಾಹಕರ ವಯಸ್ಸನ್ನು ನಮೂದಿಸುವಂತೆ ಪರದೆಯ ಮೇಲೆ ಸೂಚನೆ ಬರುತ್ತದೆ. ಗ್ರಾಹಕರ ಹಿತ ನೋಡಿಕೊಳ್ಳುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 13ರಿಂದ 16 ವರ್ಷದ ಮಕ್ಕಳನ್ನು ಗ್ರಾಹಕರಂತೆ ಅಂಗಡಿಗಳಿಗೆ ಕಳುಹಿಸಿ ಪರೀಕ್ಷಿಸುತ್ತಿತ್ತು. 2000ದಲ್ಲಿ ಅಂಥ ಮಕ್ಕಳಲ್ಲಿ ಶೇ 85ರಷ್ಟು ಮಂದಿ ಎಂ ಗುರುತಿನ ಗೇಮ್ ಕೊಂಡು ಹೊರಬಂದಿದ್ದರು. 2013ರ ವೇಳೆಗೆ ಆ ಪ್ರಮಾಣ ಶೇ 13ಕ್ಕೆ ಇಳಿದಿತ್ತು. ಕಾನೂನಿಲ್ಲದೆ ಇಷ್ಟು ಸಾಧ್ಯವಾಯಿತೆಂಬುದನ್ನು ಕಡೆಗಣಿಸಲಾಗದು. ಕಾನೂನು ಬಂದುಬಿಡಬಹುದೆಂಬ ಭಯವೂ ಅದರಲ್ಲಿ ಕೆಲಸ ಮಾಡಿತೆಂದು ನನಗನಿಸುತ್ತದೆ. ಇನ್ನು ವಯಸ್ಕರಿಗೆ ಮಾತ್ರ ಎಂಬ ಎಒ ಗುರುತು ಬಿದ್ದರೆ ಗೇಮಿನ ವ್ಯಾಪಾರವೇ ಮುಗಿದಂತೆ. 2005ರಲ್ಲಿ ಗ್ರ್ಯಾಂಡ್ ಥೆಫ್ಟ್ ಆಟೊ ಸ್ಯಾನ್ ಆ್ಯಂಡ್ರಿಯಾಸ್ ಗೇಮ್‌ನ ಒಳಗೆ ಅಡಗಿದ್ದ ಲೈಂಗಿಕ ದೃಶ್ಯವೊಂದು ಬಯಲಾಗಿ ಅದಕ್ಕೆ ಎಒ ಗುರುತು ಬಿದ್ದಾಗ, ಯಾವ ನ್ಯಾಯಾಲಯವೂ ಹೇಳದೆ ದೊಡ್ಡ ಮಳಿಗೆಗಳು ಅದನ್ನು ಕಪಾಟಿನಿಂದ ತೆಗೆದವು. ತಲೆ ಕಡಿಯುವ ದೃಶ್ಯಕ್ಕೆ ಸಿಗುವ ರಿಯಾಯಿತಿ ಮಂಚದ ದೃಶ್ಯಕ್ಕೆ ಅಲ್ಲಿ ಸಿಗುವುದಿಲ್ಲ ಎಂಬುದನ್ನು ಇಎಸ್‌ಆರ್‌ಬಿ ಗುರುತು ಓದುವಾಗ ನೆನಪಿಡಿ. ಟಿ ಎಂದಿರುವ ಗೇಮ್‌ನಲ್ಲಿ ನಗ್ನತೆ ಇರುವ ಸಂಭವ ಕಡಿಮೆ, ಗುಂಡಿನ ಕಾಳಗ ಇರುವ ಸಂಭವ ಹೆಚ್ಚು. ಜರ್ಮನಿಯ ಗುರುತನ್ನು ಓದುವಾಗ ಈ ಅಂದಾಜನ್ನು ಬಹುಮಟ್ಟಿಗೆ ತಿರುವಿ ಹಾಕಬೇಕು.

ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್

ಭಾಷೆ ಒಂದೇ ಆದರೂ ಈ ಮೂರು ದೇಶಗಳು ಅಮೆರಿಕದ ದಾರಿಯನ್ನು ಹಿಡಿದಿಲ್ಲ. ಬ್ರಿಟನ್ನಿನಲ್ಲಿ 2012ರ ಜುಲೈ 30ರಿಂದ ಪೆಗಿಯ 12, 16, 18 ಗುರುತುಗಳನ್ನು ಮೀರಿ ಡಬ್ಬಿಯ ಗೇಮ್ ಮಾರುವುದು ಅಪರಾಧವಾಗಿದ್ದು, ಮಾರಿದವರಿಗೆ ಜೈಲುಶಿಕ್ಷೆಯೂ ಆಗಬಹುದು. 3 ಮತ್ತು 7 ಮಾತ್ರ ಸಲಹೆಗಳು. ಅದೇ ಪೆಗಿ ಗುರುತು ಯೂರೋಪಿನ ಇತರ ಹಲವು ದೇಶಗಳಲ್ಲಿ ಬರಿಯ ಸಲಹೆಯಾಗಿರುವುದರಿಂದ, ಲಂಡನ್ನಿನ ಅನುಭವವನ್ನು ಎಲ್ಲ ಕಡೆಗೂ ಅನ್ವಯಿಸಬಾರದು. ಬ್ರಿಟನ್ನಿನಲ್ಲಿ ತಂದೆತಾಯಿ ಮನೆಯಲ್ಲಿ ಕೊಟ್ಟರೆ ಕಾನೂನು ಪ್ರಶ್ನಿಸುವುದಿಲ್ಲ.

ಆಸ್ಟ್ರೇಲಿಯಾದಲ್ಲಿ ಸರ್ಕಾರಿ ವರ್ಗೀಕರಣವೇ ನೇರವಾಗಿ ನಡೆಯುತ್ತದೆ, ವರ್ಗೀಕರಣ ನಿರಾಕರಿಸಿದರೆ ಗೇಮ್ ಮಾರುವಂತೆಯೇ ಇಲ್ಲ. ಚಲನಚಿತ್ರಗಳಿಗಿದ್ದ 18ರ ವರ್ಗ ಗೇಮ್‌ಗಳಿಗೆ 2013ರ ಜನವರಿ 1ರವರೆಗೆ ಇರಲೇ ಇಲ್ಲ. ಗೇಮ್ ಎಂದರೆ ಮಕ್ಕಳ ವಸ್ತು, ವಯಸ್ಕರಿಗೆಂದೇ ಗೇಮ್ ಏಕೆ ಬೇಕು ಎಂಬ ಭಾವನೆ ಅದರ ಹಿಂದಿತ್ತು. ಬದಲಾವಣೆಗೆ ಎಲ್ಲ ರಾಜ್ಯಗಳ ಅಟಾರ್ನಿ ಜನರಲ್‌ಗಳ ಒಪ್ಪಿಗೆ ಬೇಕಾಗಿದ್ದರಿಂದ, ದಕ್ಷಿಣ ಆಸ್ಟ್ರೇಲಿಯಾದ ಮೈಕಲ್ ಅಟ್ಕಿನ್ಸನ್ ಅವರೊಬ್ಬರ ವಿರೋಧವೇ ವರ್ಷಗಳ ಕಾಲ ಅದನ್ನು ತಡೆಹಿಡಿಯಿತು. ಅದರ ಪರಿಣಾಮ ವಿಚಿತ್ರವಾಗಿತ್ತು: 2008ರಲ್ಲಿ ಫಾಲೌಟ್ 3 ಗೇಮ್‌ನಲ್ಲಿ ಮಾರ್ಫಿನ್ ಎಂಬ ನಿಜವಾದ ಮಾದಕದ ಹೆಸರಿದ್ದುದಕ್ಕೆ ವರ್ಗೀಕರಣ ನಿರಾಕರಿಸಲಾಯಿತು, ತಯಾರಕರು ಹೆಸರನ್ನು ಮೆಡ್ ಎಕ್ಸ್ ಎಂದು ಬದಲಿಸಿದರು, ಆ ಹೊಸ ಹೆಸರೇ ಜಗತ್ತಿನ ಎಲ್ಲ ಆವೃತ್ತಿಗಳಲ್ಲಿ ಉಳಿಯಿತು. ಇಂದು ಅಲ್ಲಿರುವ ಕುಟುಂಬಗಳು ತಿಳಿಯಬೇಕಾದುದು ಎರಡು. ಎಂಎ 15+ ಗೇಮನ್ನು 15 ತುಂಬದ ಮಗು ಕೊಳ್ಳಬೇಕಾದರೆ ಪೋಷಕರು ಜೊತೆಗಿರಲೇಬೇಕು. ಹಣ ಕೊಟ್ಟು, ಒಳಗೇನಿದೆಯೆಂದು ಮೊದಲೇ ತಿಳಿಯದ ಅದೃಷ್ಟದ ಪೆಟ್ಟಿಗೆ (ಲೂಟ್ ಬಾಕ್ಸ್) ತೆರೆಯುವ ಗೇಮ್‌ಗಳಿಗೆ 2024ರ ಸೆಪ್ಟೆಂಬರ್ 22ರಿಂದ ಕನಿಷ್ಠ ಎಂ, ಜೂಜನ್ನು ಅನುಕರಿಸುವ ಗೇಮ್‌ಗಳಿಗೆ ಆರ್ 18+ ಕಡ್ಡಾಯ. ಅದಕ್ಕಿಂತ ಹಳೆಯ ಗೇಮ್‌ಗಳ ಗುರುತಿನಲ್ಲಿ ಈ ವಿಷಯ ಸೇರಿಲ್ಲದಿರಬಹುದು.

ನ್ಯೂಜಿಲೆಂಡಿಗೆ ಹೋಗುವವರು ಮಾತ್ರ ಹೆಚ್ಚು ಜಾಗ್ರತೆಯಿಂದಿರಬೇಕು. ಆರ್ 16, ಆರ್ 18 ಎಂಬ ಕೆಂಪು ಗುರುತುಗಳು ಮನೆಯೊಳಗೂ ಅನ್ವಯಿಸುತ್ತವೆ. ಹೆತ್ತವರೂ ಅಂಥ ಗೇಮನ್ನು ಕಡಿಮೆ ವಯಸ್ಸಿನ ಮಕ್ಕಳಿಗೆ ಕೊಡುವಂತಿಲ್ಲ. ಪೋಷಕರು ಜೊತೆಗಿದ್ದರೆ ನಡೆಯುತ್ತದೆ ಎಂಬ ಅರ್ಥ ಬರುವುದು ಆರ್‌ಪಿ ಎಂದು ಆರಂಭವಾಗುವ ಗುರುತುಗಳಿಗೆ ಮಾತ್ರ.

ಪೂರ್ವ ಏಷ್ಯಾ: ವಿಷಯಕ್ಕಿಂತ ವೇಳೆಯ ಚಿಂತೆ

ದಕ್ಷಿಣ ಕೊರಿಯಾ ಮತ್ತು ಚೀನಾದಲ್ಲಿ ಸರ್ಕಾರದ ಕಳವಳ ಗೇಮ್‌ನಲ್ಲಿ ಏನಿದೆ ಎಂಬುದರಷ್ಟೇ, ಮಗು ಎಷ್ಟು ಹೊತ್ತು ಆಡುತ್ತದೆ ಎಂಬುದರ ಮೇಲೂ ಇದೆ. ಪರೀಕ್ಷೆಗಳ ಒತ್ತಡದ ಸಮಾಜಗಳಲ್ಲಿ ಇದು ಆಶ್ಚರ್ಯದ ಸಂಗತಿಯಲ್ಲ. ನಮ್ಮ ಪಿಯುಸಿ ಮನೆಗಳಿಗೂ ಇದು ಬೇಗ ಅರ್ಥವಾಗುತ್ತದೆ. ಕೊರಿಯಾ 2011ರಲ್ಲಿ 16 ವರ್ಷದೊಳಗಿನವರಿಗೆ ಮಧ್ಯರಾತ್ರಿಯಿಂದ ಬೆಳಗಿನ 6ರವರೆಗೆ ಆನ್‌ಲೈನ್ ಗೇಮ್‌ಗಳನ್ನು ನಿರ್ಬಂಧಿಸಿತು. ಮಕ್ಕಳು ತಂದೆತಾಯಿಯರ ನಿವಾಸಿ ನೋಂದಣಿ ಸಂಖ್ಯೆಯನ್ನು ಬಳಸಿ ಆಡತೊಡಗಿದರು. 2021ರಲ್ಲಿ ಮೈನ್‌ಕ್ರಾಫ್ಟ್ ಗೇಮಿನ ಖಾತೆಗಳ ವ್ಯವಸ್ಥೆ ಬದಲಾದಾಗ, ಈ ನಿಯಮವನ್ನು ಪಾಲಿಸುವ ತೊಡಕಿನಿಂದಾಗಿ ಮಕ್ಕಳ ಆ ಗೇಮ್ ಆ ದೇಶದಲ್ಲಿ ವಯಸ್ಕರಿಗೆ ಮಾತ್ರ ಎಂಬಂತಾಯಿತು. ಆ ಗದ್ದಲದ ನಂತರ 2022ರ ಆರಂಭದಿಂದ ನಿಯಮ ರದ್ದಾಯಿತು. ಚೀನಾ 2021ರ ಆಗಸ್ಟ್‌ನಲ್ಲಿ ಇನ್ನೂ ಬಿಗಿಯಾದ ಕಟ್ಟಳೆ ತಂದು, ಅಪ್ರಾಪ್ತರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಂದು ರಾತ್ರಿ 8ರಿಂದ 9ರವರೆಗೆ ಮಾತ್ರ ಆನ್‌ಲೈನ್ ಗೇಮ್ ಎಂದಿತು. ಅಲ್ಲಿ ಹೊಣೆ ಬೀಳುವುದು ಕಂಪನಿಗಳ ಮೇಲೆ.

ಜಪಾನಿನಲ್ಲಿ ಸೆರೊ ಉದ್ಯಮದ್ದೇ ಸಂಸ್ಥೆ. ಎ ಯಿಂದ ಡಿ ವರೆಗಿನ ಗುರುತುಗಳು ಮಾಹಿತಿಗಾಗಿ ಮಾತ್ರ. 18 ತುಂಬಿದವರಿಗೆ ಎಂಬ ಝಡ್ ಗುರುತಿನ ಗೇಮ್‌ಗಳನ್ನಷ್ಟೇ ಅಂಗಡಿಗಳು ಪ್ರತ್ಯೇಕವಾಗಿಟ್ಟು ವಯಸ್ಸು ಕೇಳುತ್ತವೆ. ಆದ್ದರಿಂದ ಪ್ರಕಾಶಕರು ಒಂದೇ ಗೇಮನ್ನು ಅಂಗಚ್ಛೇದನದ ದೃಶ್ಯ ತೆಗೆದು ಡಿ ಆಗಿಯೂ, ಉಳಿಸಿಕೊಂಡು ಝಡ್ ಆಗಿಯೂ ಹೊರತರುವುದುಂಟು. ಜಪಾನಿನಿಂದ ತರಿಸಿದ ಡಿ ಗುರುತಿನ ಡಿಸ್ಕ್ ಮತ್ತು ಅಮೆರಿಕದಿಂದ ಬಂದ ಎಂ ಗುರುತಿನ ಡಿಸ್ಕ್ ಒಂದೇ ಹೆಸರನ್ನು ಹೊತ್ತಿದ್ದರೂ ಒಳಗಿನ ದೃಶ್ಯಗಳು ಬೇರೆಯಾಗಿರಬಹುದು. ಕೊಳ್ಳುವ ಮುನ್ನ ಆವೃತ್ತಿಯನ್ನು ವಿಚಾರಿಸಿ.

ಭಾರತದಲ್ಲಿ ಗುರುತನ್ನು ಹೇಗೆ ಬಳಸಬೇಕು

ನಮ್ಮಲ್ಲಿ ಸಿನಿಮಾಕ್ಕೆ ಎ ಸರ್ಟಿಫಿಕೇಟ್ ಸಿಕ್ಕರೆ ಚಿತ್ರಮಂದಿರದವರು ಮಕ್ಕಳನ್ನು ಒಳಗೆ ಬಿಡುವಂತಿಲ್ಲ ಎಂಬ ಕಾನೂನು ದಶಕಗಳಿಂದ ಇದೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಒಟಿಟಿ ವೇದಿಕೆಗಳಿಗೂ ವಯಸ್ಸಿನ ವರ್ಗೀಕರಣವನ್ನು ತಂದವು. ಡಬ್ಬಿಯಲ್ಲಿ ಮಾರುವ ಗೇಮ್‌ಗೆ ಮಾತ್ರ ಸೆನ್ಸಾರ್ ಮಂಡಳಿಯಂಥ ವ್ಯವಸ್ಥೆ ಇಲ್ಲ. ನಾವು ಗೇಮ್‌ಗಳ ವಿಷಯದಲ್ಲಿ ಕಂಡಿರುವುದು ಹೆಚ್ಚಾಗಿ ಪೂರ್ಣ ನಿಷೇಧವನ್ನೇ: 2019ರಲ್ಲಿ ಗುಜರಾತಿನ ಕೆಲವು ನಗರಗಳಲ್ಲಿ ಪೊಲೀಸ್ ಆದೇಶದ ಮೂಲಕ ಪಬ್‌ಜಿ ನಿಷೇಧಿಸಿ ಆಡಿದ ಯುವಕರನ್ನೇ ಬಂಧಿಸಲಾಯಿತು, 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅದೇ ಗೇಮನ್ನು ನಿರ್ಬಂಧಿಸಿದ್ದು ದೇಶದ ಭದ್ರತೆಯ ಕಾರಣ ನೀಡಿ, ಹಣ ಪಣಕ್ಕಿಡುವ ಆನ್‌ಲೈನ್ ಗೇಮ್‌ಗಳ ಮೇಲೆ ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಕಲಮುಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಮಾಡಿತು, 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಎಲ್ಲ ವಯಸ್ಸಿನವರಿಗೂ ಅವುಗಳನ್ನು ನಿಷೇಧಿಸಿತು. 10 ವರ್ಷದವನಿಗೆ ಬೇಡ, 16ರವಳಿಗೆ ಸರಿ ಎಂದು ಹೇಳುವ ನಡುವಣ ಮೆಟ್ಟಿಲುಗಳು ನಮ್ಮಲ್ಲಿ ಕಾಣೆಯಾಗಿವೆ. ನಿಷೇಧದ ಸುದ್ದಿಗಿಂತ ಈ ಕೊರತೆ ಹೆಚ್ಚು ಚರ್ಚೆಯಾಗಬೇಕಿತ್ತು.

ಹಾಗಾಗಿ ಇಲ್ಲಿನ ಮನೆಗಳಲ್ಲಿ ಗುರುತನ್ನು ಜಾರಿಗೊಳಿಸುವ ಕೆಲಸ ಫೋನಿನ ಸೆಟ್ಟಿಂಗ್ ಮತ್ತು ಹೆತ್ತವರದೇ. ಗೂಗಲ್ ಪ್ಲೇ ತೋರಿಸುವ 3+, 7+, 12+, 16+, 18+ ಗುರುತುಗಳು ಐಎಆರ್‌ಸಿ ಎಂಬ ಅಂತರರಾಷ್ಟ್ರೀಯ ಒಕ್ಕೂಟದವು. ತಯಾರಕರು ತುಂಬಿದ ಪ್ರಶ್ನಾವಳಿಯ ಆಧಾರದ ಮೇಲೆ ಅವು ತಾವಾಗಿಯೇ ನಿರ್ಧಾರವಾಗುತ್ತವೆ. ಮಗುವಿನ ಫೋನ್‌ನಲ್ಲಿ ಪ್ಲೇ ಸ್ಟೋರ್ ತೆರೆದು, ಮೇಲಿರುವ ಪ್ರೊಫೈಲ್ ಚಿತ್ರ ಒತ್ತಿ, ಸೆಟ್ಟಿಂಗ್ಸ್‌ನ ಫ್ಯಾಮಿಲಿ ವಿಭಾಗದಲ್ಲಿ ಪೇರೆಂಟಲ್ ಕಂಟ್ರೋಲ್ಸ್ ಆರಿಸಿ, ಪಿನ್ ಹಾಕಿ, ಗೇಮ್‌ಗಳಿಗೆ ವಯಸ್ಸಿನ ಮಿತಿ ನಿಗದಿಪಡಿಸಿ. ಆಗಲೇ ಫೋನಿನಲ್ಲಿರುವ ಗೇಮ್‌ಗಳು ಇದರಿಂದ ಮಾಯವಾಗುವುದಿಲ್ಲ, ಪ್ಲೇ ಸ್ಟೋರ್ ಇಲ್ಲದೆಯೇ ಹಾಕಿಕೊಳ್ಳಬಹುದಾದ ಎಪಿಕೆ ಕಡತವಾಗಿ ವಾಟ್ಸ್‌ಆ್ಯಪ್‌ನಲ್ಲಿ ಬಂದ ಗೇಮ್‌ಗೆ ಈ ಬೇಲಿ ಅಡ್ಡ ಬರುವುದೂ ಇಲ್ಲ. ಅವೆರಡನ್ನೂ ಕೈಯಾರೆ ನೋಡಿ ತೆಗೆಯಬೇಕು.

ನಿಂಟೆಂಡೊ ಸ್ವಿಚ್‌ನಂಥ ಕನ್ಸೋಲ್ ಇದ್ದರೆ ಪೋಷಕರ ನಿಯಂತ್ರಣದ ಪಟ್ಟಿಯಲ್ಲಿ ಯಾವ ದೇಶದ ರೇಟಿಂಗ್ ಸಂಸ್ಥೆಯನ್ನು ಅನುಸರಿಸಬೇಕೆಂದು ಆರಿಸಿಕೊಳ್ಳಲು ಅವಕಾಶವಿದೆ. ರಕ್ತಪಾತದ ಬಗ್ಗೆ ಚಿಂತೆಯಿರುವವರು ಯುಎಸ್‌ಕೆಯನ್ನೂ, ನಗ್ನತೆ ಮತ್ತು ಬೈಗುಳದ ಬಗ್ಗೆ ಚಿಂತೆಯಿರುವವರು ಇಎಸ್‌ಆರ್‌ಬಿಯನ್ನೂ ಆರಿಸುವುದು ನನ್ನ ದೃಷ್ಟಿಯಲ್ಲಿ ಸೂಕ್ತ. ಅಕ್ಷರ ಅಥವಾ ಅಂಕಿಯನ್ನು ನೋಡಿ ನಿಲ್ಲಬೇಡಿ. ಡಬ್ಬಿಯ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿರುವ ವಿವರಣೆಯನ್ನು ಓದಿ. ಇತರ ಆಟಗಾರರೊಂದಿಗೆ ಸಂಪರ್ಕವಿದೆ ಎಂಬ ಸೂಚನೆ ಅಲ್ಲಿದ್ದರೆ, ಅಪರಿಚಿತರು ಹೆಡ್‌ಫೋನ್‌ನಲ್ಲಿ ಆಡುವ ಮಾತುಗಳಿಗೆ ಆ ಗುರುತು ಹೊಣೆಯಲ್ಲ ಎಂದೇ ಅರ್ಥ. ಧ್ವನಿ ಸಂಭಾಷಣೆಯನ್ನು ಪ್ರತ್ಯೇಕವಾಗಿ ಮುಚ್ಚಬೇಕು. ಮಗುವಿಗೆ ಪ್ರತ್ಯೇಕ ಖಾತೆ ತೆರೆಯುವಾಗ ನಿಜವಾದ ಹುಟ್ಟಿದ ದಿನಾಂಕವನ್ನೇ ಕೊಡಿ. ಬೇಗ ಮುಗಿಯಲೆಂದು ಅಪ್ಪನ ಜನ್ಮವರ್ಷ ಹಾಕಿದ ಖಾತೆಗೆ ಮೇಲಿನ ಯಾವ ಮಿತಿಯೂ ತಾನಾಗಿ ಅನ್ವಯಿಸುವುದಿಲ್ಲ, ಆಮೇಲೆ ದಿನಾಂಕ ತಿದ್ದಿಸಲು ಗ್ರಾಹಕ ಸೇವೆಯವರಿಗೆ ದಾಖಲೆ ಕಳುಹಿಸಿ ಕಾಯಬೇಕಾಗಬಹುದು.